ಕ್ಲಿಪ್ ತೆಗೆಸಿ ಹನ್ನೊಂದು ವರ್ಷದ ಮೇಲೆ ಇಳಿದ ವಸಡು

"ಮೇಡಂ, ಈ ಒಂದು ಹಲ್ಲು ಮಾತ್ರ ಉದ್ದ ಆಗ್ತಾ ಇದೆ."

ಕುರ್ಚಿಯಲ್ಲಿ ಕೂತ ಕೂಡಲೇ ಅವರು ಕೆಳತುಟಿಯನ್ನು ತಾವೇ ಬೆರಳಲ್ಲಿ ಎಳೆದು ತೋರಿಸಿದರು. ಕೆಳಗಿನ ಎಡ ಕೋರೆಹಲ್ಲು. ಅಕ್ಕಪಕ್ಕದ ಹಲ್ಲುಗಳಿಗೆಲ್ಲ ವಸಡು ಸೀರೆಯ ಅಂಚಿನ ಹಾಗೆ ಒಂದೇ ಸಾಲಿನಲ್ಲಿ ನೀಟಾಗಿತ್ತು. ಈ ಒಂದು ಹಲ್ಲಿನ ಹತ್ತಿರ ಮಾತ್ರ ಅಂಚು ಕೆಳಗೆ ಜಾರಿತ್ತು. ಜಾರಿದ ಜಾಗದಲ್ಲಿ ಬೇರು ತುಸು ಹಳದಿಯಾಗಿ ಕಾಣುತ್ತಿತ್ತು. ಹಲ್ಲು ಉದ್ದ ಆಗಿರಲಿಲ್ಲ, ವಸಡು ಇಳಿದಿತ್ತು. ಕನ್ನಡಿ ಮುಂದೆ ನಿಂತವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ವಯಸ್ಸು 29. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಈ ಪ್ರಕರಣ ಬರೆಯುತ್ತೇನೆ ಎಂದಾಗ ಹೆಸರು, ಊರು ಬೇಡ ಎಂದರು. ಅದೊಂದೇ ಷರತ್ತು. ಹಾಗಾಗಿ ಇಲ್ಲಿ ಅವರು ಬರೀ ಟೀಚರ್. ಬಿಪಿ, ಶುಗರ್ ಇಲ್ಲ. ಎಲೆ ಅಡಿಕೆ ಇಲ್ಲ. ಹದಿನಾರಕ್ಕೆ ಹಲ್ಲಿಗೆ ಕ್ಲಿಪ್ ಹಾಕಿಸಿ, ಹದಿನೆಂಟಕ್ಕೆ ತೆಗೆಸಿದ್ದರು. "ಅದೆಲ್ಲ ಮುಗಿದು ಹನ್ನೊಂದು ವರ್ಷ ಆಯ್ತು" ಎಂದರು. ನಾನೂ ಕೇಸ್ ಶೀಟಿನಲ್ಲಿ ಹಾಗೇ ಬರೆದೆ: ಕ್ಲಿಪ್ ಹಳೆಯದು, ಮುಗಿದಿದೆ.

ತಪ್ಪು ಶುರುವಾದದ್ದು ಆ ಸಾಲಿನಲ್ಲೇ.

ನಾನು ವಸಡಿನ ಡಾಕ್ಟರ್. ಹಲ್ಲಿಗಿಂತ ಹಲ್ಲನ್ನು ಹಿಡಿದಿಟ್ಟಿರುವ ಮಾಂಸ, ಮೂಳೆ ನನ್ನ ಕೆಲಸ. ಇಂಥ ಹಲ್ಲು ಬಂದರೆ ಮೊದಲು ಅಳೆಯುತ್ತೇವೆ. ಪ್ರೋಬ್ ಅಂತ ತೆಳ್ಳನೆಯ ಸ್ಟೀಲ್ ಕಡ್ಡಿ ಇರುತ್ತದೆ, ಅದರ ಮೇಲೆ ಮಿಲಿಮೀಟರ್ ಗೆರೆಗಳು. ಹಲ್ಲಿನ ಬಿಳಿ ಎನಾಮಲ್ ಎಲ್ಲಿ ಮುಗಿಯುತ್ತದೋ ಅಲ್ಲಿಂದ ವಸಡಿನ ಅಂಚಿನವರೆಗೆ ಅಳತೆ. ಟೀಚರ್‌ಗೆ 3 ಮಿಲಿಮೀಟರ್ ಬಂತು. ಕಡ್ಡಿಯನ್ನು ವಸಡಿನ ಸಂದಿಗೆ ಮೆಲ್ಲಗೆ ಇಳಿಸಿದರೆ ಒಂದೂವರೆ ಮಿಲಿಮೀಟರಿಗೇ ನಿಂತಿತು. ರಕ್ತ ಇಲ್ಲ, ಕೀವಿಲ್ಲ, ಊತ ಇಲ್ಲ. ಹಲ್ಲು ಅಲ್ಲಾಡುತ್ತಲೂ ಇರಲಿಲ್ಲ. ಆದರೆ ಒಳಗೆ ಇಳಿಸಿದ ಕಡ್ಡಿಯ ಬೂದು ಬಣ್ಣ ವಸಡಿನ ಆಚೆಯಿಂದ ಕಾಣುತ್ತಿತ್ತು, ತೆಳು ಬಟ್ಟೆಯ ಹಿಂದಿನ ಸೂಜಿ ಕಂಡ ಹಾಗೆ. ಹೀಗೆ ಕಂಡರೆ ವಸಡು ತೆಳು ಎಂದು ಲೆಕ್ಕ. ತೆಳು ವಸಡು ರೋಗ ಅಲ್ಲ, ಹುಟ್ಟಿನಿಂದ ಬಂದದ್ದು. ಆದರೆ ಏನಾದರೂ ಎಡವಟ್ಟಾದರೆ ಮೊದಲು ಜಾರುವುದು ಅದೇ.

ಎರಡು ಹಲ್ಲುಗಳ ನಡುವೆ ತ್ರಿಕೋನದ ಹಾಗೆ ಇರುವ ವಸಡನ್ನೂ ನೋಡಿದೆ. ಅದು ಗಟ್ಟಿಯಾಗಿಯೇ ಇತ್ತು. ಇಟಲಿಯ ಫ್ರಾನ್ಸೆಸ್ಕೊ ಕೈರೊ ಮತ್ತು ಸಂಗಡಿಗರು 2011ರಲ್ಲಿ ವಸಡು ಇಳಿಯುವುದನ್ನು ಮೂರು ಬಗೆಯಾಗಿ ವಿಂಗಡಿಸಿದರು. ಹಲ್ಲಿನ ನಡುವಿನ ಆಸರೆ ಪೂರ್ತಿ ಉಳಿದಿದ್ದರೆ ಮೊದಲನೇ ಬಗೆ. ಇದರಲ್ಲಿ ಬೇರನ್ನು ಪೂರ್ತಿ ಮುಚ್ಚುವ ಆಸೆ ಇಟ್ಟುಕೊಳ್ಳಬಹುದು. ಟೀಚರ್‌ದು ಅದೇ ಬಗೆ. ಒಳ್ಳೆ ಸುದ್ದಿ ಅಂದುಕೊಂಡೆ.

ಬ್ಯಾಗಿನಿಂದ ಬ್ರಶ್ ತೆಗೆಸಿ ನೋಡಿದೆ. ಕೂದಲು ಎರಡೂ ಕಡೆ ಮಲಗಿದ್ದವು. ಜೊತೆಗೆ ಬಂದಿದ್ದ ಅಮ್ಮ ಕಾಯುತ್ತಿದ್ದವರ ಹಾಗೆ ಶುರುಮಾಡಿದರು. "ಅಷ್ಟು ಗಸಗಸ ಉಜ್ಜಬೇಡ ಅಂದ್ರೆ ಕೇಳೋದಿಲ್ಲ ಡಾಕ್ಟ್ರೇ. ಪಾತ್ರೆ ತಿಕ್ಕಿದ ಹಾಗೆ ತಿಕ್ತಾಳೆ." ಬಲಗೈಯಲ್ಲಿ ಬ್ರಶ್ ಹಿಡಿಯುವವರಿಗೆ ಎಡಗಡೆಯ ಕೋರೆಹಲ್ಲಿನ ಮೇಲೆ ಒತ್ತಡ ಜಾಸ್ತಿ ಬೀಳುತ್ತದೆ. ನಾವು ಕಾಲೇಜಿನಲ್ಲಿ ಕಲಿತದ್ದೇ ಅದು. ಟೀಚರ್ ಬಲಗೈಯವರು. ಇಳಿದದ್ದು ಎಡಗಡೆ. ಲೆಕ್ಕ ಸರಿಹೋಯಿತು. ಮೆತ್ತನೆ ಬ್ರಶ್ ಬರೆದುಕೊಟ್ಟೆ, ತಣ್ಣೀರು ಕುಡಿದರೆ ಹಲ್ಲು ಜುಂ ಅನ್ನುವುದಕ್ಕೆ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಬರೆದುಕೊಟ್ಟೆ. ಹಲ್ಲು ಕ್ಲೀನ್ ಮಾಡಿದೆ. ಆರು ತಿಂಗಳು ಬಿಟ್ಟು ಬನ್ನಿ ಎಂದೆ.

ಕ್ಲೀನ್ ಮಾಡುವಾಗ ಕೆಳಗಿನ ಮುಂದಿನ ಹಲ್ಲುಗಳ ಹಿಂದೆ, ನಾಲಗೆಯ ಕಡೆ, ಒಂದು ತಂತಿ ಇತ್ತು. ಅದರ ಸುತ್ತ ಗಾರೆ, ಅಂದರೆ ಗಟ್ಟಿಯಾದ ಕೊಳೆ, ಕಟ್ಟಿತ್ತು. ಗಾರೆ ತೆಗೆದೆ, ತಂತಿ ಬಿಟ್ಟೆ. ಕಂಡದ್ದಕ್ಕೆಲ್ಲ ಕಣ್ಣು ಬೀಳುವುದಿಲ್ಲ.

ಅವರು ಮತ್ತೆ ಬಂದದ್ದು ಎಂಟು ತಿಂಗಳಿಗೆ. ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವ ಡ್ಯೂಟಿ ಇತ್ತಂತೆ. ಕೈಯಲ್ಲಿ ಬ್ರಶ್ ಹಿಡಿದುಕೊಂಡೇ ಬಂದಿದ್ದರು, ಸಾಕ್ಷಿ ಹಾಜರು ಮಾಡುವವರ ಹಾಗೆ. ಮೆತ್ತನೆ ಬ್ರಶ್, ಕೂದಲು ನೆಟ್ಟಗೆ ನಿಂತಿದ್ದವು. ಅಳೆದೆ: 4.5 ಮಿಲಿಮೀಟರ್. ವಸಡು ನಿಂತಿರಲಿಲ್ಲ, ಇಳಿಯುತ್ತಲೇ ಇತ್ತು. ಬೇರಿನ ಮುಂದೆ ಗಟ್ಟಿ ವಸಡಿನ ಪಟ್ಟಿ ಒಂದು ಮಿಲಿಮೀಟರಿನಷ್ಟು ಉಳಿದಿತ್ತು, ಅದರ ಕೆಳಗೆ ಅಲ್ಲಾಡುವ ಮೆದು ಚರ್ಮ.

ಬ್ರಶ್ಶಿನದೇ ತಪ್ಪಾಗಿದ್ದರೆ ಪಕ್ಕದ ಹಲ್ಲುಗಳೂ ಸ್ವಲ್ಪ ತೊಂದರೆ ತೋರಿಸಬೇಕಿತ್ತು. ಕೋರೆಹಲ್ಲಿನ ಹಿಂದಿನ ಎರಡೂ ಹಲ್ಲು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ತುಟಿಯ ಒಳಭಾಗದಲ್ಲಿ, ಹಲ್ಲಿನ ಬೇರು ಇರುವ ಜಾಗದ ಮೇಲೆ ಬೆರಳು ಜಾರಿಸಿದೆ. ಮಿಕ್ಕ ಹಲ್ಲುಗಳ ಹತ್ತಿರ ಸಣ್ಣ ಸಣ್ಣ ಅಲೆ. ಎಡ ಕೋರೆಹಲ್ಲಿನ ಹತ್ತಿರ ಬೇರು ಉದ್ದಕ್ಕೂ ಕೈಗೆ ಸಿಕ್ಕಿತು, ಕಂಬಳಿಯ ಅಡಿ ಕೋಲಿಟ್ಟ ಹಾಗೆ. ಅದು ಅಷ್ಟು ಹೊರಗೆ ಇರಬಾರದು.

ಆಮೇಲೆ ಮಾಡಿದ್ದು ಮೊದಲ ದಿನವೇ ಮಾಡಬೇಕಿದ್ದ ಕೆಲಸ. ಹಲ್ಲಿನ ಸಾಲನ್ನು ಮೇಲಿನಿಂದ ಕನ್ನಡಿಯಲ್ಲಿ ನೋಡಿದೆ. ಎಡ ಕೋರೆಹಲ್ಲಿನ ತುದಿ ನಾಲಗೆಯ ಕಡೆಗೆ ವಾಲಿತ್ತು. ಬಲ ಕೋರೆಹಲ್ಲು ತುಟಿಯ ಕಡೆಗೆ ವಾಲಿತ್ತು. ನಡುವಿನ ನಾಲ್ಕು ಬಾಚಿಹಲ್ಲು ಸುಮಾರಾಗಿ ನೇರ. ಒಂದೇ ದವಡೆಯ ಎರಡು ತುದಿ, ಎರಡು ದಿಕ್ಕು. ಆ ಎರಡನ್ನೂ ಹಿಂದಿನಿಂದ ಜೋಡಿಸಿ ಹಿಡಿದಿದ್ದದ್ದು ಅದೇ ತಂತಿ.

"ಇದು ಯಾವಾಗಿನದು?"

"ಕ್ಲಿಪ್ ತೆಗೆದಾಗ ಹಾಕಿದ್ದು ಮೇಡಂ. ಅದು ಸುಮ್ನೆ ಇರೋದಲ್ವಾ?"

ಸುಮ್ನೆ ಇರಬೇಕಾದದ್ದೇ ಹೌದು.

ಸುಮ್ನೆ ಇರಬೇಕಾದ ತಂತಿ

ಕ್ಲಿಪ್ ಹಾಕಿ ನೇರ ಮಾಡಿದ ಹಲ್ಲು ಬಿಟ್ಟ ಕೂಡಲೇ ಹಳೆ ಜಾಗಕ್ಕೆ ಹೊರಡುತ್ತದೆ. ಅದರ ಸುತ್ತಲಿನ ನಾರುಗಳು ಎಳೆಯುತ್ತವೆ. ವಯಸ್ಸಾದ ಹಾಗೆ ಕೆಳಗಿನ ಮುಂದಿನ ಹಲ್ಲುಗಳು ತಾವಾಗಿಯೂ ಒತ್ತೊತ್ತಾಗುತ್ತವೆ, ಕ್ಲಿಪ್ ಹಾಕದವರಿಗೂ. ಹಾಗಾಗಿ ಕ್ಲಿಪ್ ತೆಗೆದ ಮೇಲೆ ಹಲ್ಲನ್ನು ಹಿಡಿದಿಡಲು ಒಂದು ರಿಟೇನರ್ ಬೇಕು. ಕೆಲವರಿಗೆ ಹಾಕಿ ತೆಗೆಯುವ ಪ್ಲಾಸ್ಟಿಕ್ಕಿನದು ಕೊಡುತ್ತಾರೆ. ಕೆಲವರಿಗೆ ಹಲ್ಲಿನ ಹಿಂದೆ ಬಿಳಿ ಸಿಮೆಂಟಿನಲ್ಲಿ ಅಂಟಿಸಿದ ತಂತಿ. ತಂತಿಗೆ ಜನ ಒಲಿಯುವುದು ಸಹಜ. ಕಾಣುವುದಿಲ್ಲ, ಮರೆತು ಎಲ್ಲೂ ಬಿಟ್ಟು ಬರುವ ಹಾಗಿಲ್ಲ, ರಾತ್ರಿ ಹಾಕಿಕೋ ಎಂದು ಅಮ್ಮ ಕೂಗಬೇಕಿಲ್ಲ.

ಇದು ಒಂಟಿ ಎಳೆಯ ತಂತಿ ಅಲ್ಲ. ಕೂದಲಿನಂಥ ಹಲವು ಸ್ಟೀಲ್ ಎಳೆಗಳನ್ನು ಹಗ್ಗದ ಹಾಗೆ ಹೊಸೆದದ್ದು. ಒಟ್ಟು ದಪ್ಪ ಸುಮಾರು ಅರ್ಧ ಮಿಲಿಮೀಟರ್. ಹೊಸೆದದ್ದಕ್ಕೆ ಕಾರಣ ಇದೆ. ಅಗಿಯುವಾಗ ಪ್ರತಿ ಹಲ್ಲೂ ತನ್ನ ಗೂಡಿನಲ್ಲಿ ಒಂದಿಷ್ಟು ಕದಲುತ್ತದೆ, ಅದಕ್ಕೆ ತಂತಿ ಬಗ್ಗಿಕೊಡಬೇಕು. ಬಗ್ಗುವುದೇ ಅದರ ಗುಣ, ತೊಂದರೆ ಬರುವುದೂ ಅಲ್ಲಿಂದಲೇ. ಅಂಟಿಸುವಾಗ ತಂತಿ ಹಲ್ಲಿನ ಮೇಲೆ ಯಾವ ಒತ್ತಡವೂ ಇಲ್ಲದೆ ಮಲಗಿರಬೇಕು. ಬೆರಳಲ್ಲಿ ಒತ್ತಿ ಹಿಡಿದು ಸಿಮೆಂಟ್ ಹಾಕಿದರೆ ಆ ಒತ್ತಡ ತಂತಿಯ ಒಳಗೇ ಉಳಿಯುತ್ತದೆ. ಗಟ್ಟಿ ತಿಂಡಿ ಕಚ್ಚಿ ತಂತಿ ಸೊಟ್ಟಗಾದರೂ ಅಷ್ಟೇ. ಹೊಸೆದ ಎಳೆಗಳು ಬಿಚ್ಚಿಕೊಳ್ಳಲು ನೋಡಿದರೆ ತುದಿಯ ಹಲ್ಲನ್ನು ತಿರುಚುತ್ತವೆ ಎಂಬ ವಾದವೂ ಇದೆ. ಯಾವುದು ಮುಖ್ಯ ಕಾರಣ ಎಂಬುದರಲ್ಲಿ ತಜ್ಞರಿಗೇ ಒಮ್ಮತ ಇಲ್ಲ. ಫಲ ಮಾತ್ರ ಒಂದೇ. ಹಿಡಿದಿಡಬೇಕಾದ ತಂತಿ ತಳ್ಳಲು ಶುರುಮಾಡುತ್ತದೆ. ಬಹಳ ಮೆಲ್ಲಗೆ, ವರ್ಷಗಟ್ಟಲೆ.

ಇದನ್ನು ಮೊದಲು ಕಂಡವಳು ನಾನೇನಲ್ಲ. ಕ್ರಿಸ್ಟೋಸ್ ಕಟ್ಸಾರೋಸ್ ಮತ್ತು ಇಬ್ಬರು ಸಂಗಡಿಗರು 2007ರಲ್ಲೇ ಇಂಥ ರೋಗಿಗಳ ಬಗ್ಗೆ ಅಮೆರಿಕದ ಆರ್ಥೊಡಾಂಟಿಕ್ಸ್ (ಕ್ಲಿಪ್ ಹಾಕಿ ಹಲ್ಲು ನೇರ ಮಾಡುವ ವಿದ್ಯೆ) ಪತ್ರಿಕೆಯಲ್ಲಿ ಬರೆದಿದ್ದರು. ತಂತಿ ಹಲ್ಲಿಗೆ ಗಟ್ಟಿಯಾಗಿ ಅಂಟಿಕೊಂಡೇ ಇದೆ, ಎಲ್ಲೂ ಬಿಟ್ಟಿಲ್ಲ, ಆದರೂ ಹಲ್ಲುಗಳು ಹೊರಳಿವೆ. 2012ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ಪ್ರಕರಣ ಬಂತು. ಕ್ಲಿಪ್ ಮುಗಿದು ನಾಲ್ಕು ವರ್ಷಕ್ಕೆ ಒಬ್ಬ ಹುಡುಗನ ಕೆಳಗಿನ ಕೋರೆಹಲ್ಲು ಸುಮಾರು 35 ಡಿಗ್ರಿ ವಾಲಿ, ಬೇರು ಬಹುತೇಕ ಪೂರ್ತಿ ಮೂಳೆಯಿಂದ ಆಚೆ ಬಂದಿತ್ತು. ಆ ಹಲ್ಲು ಸತ್ತಿರಲಿಲ್ಲ ಎಂಬುದು ಅವರಿಗೇ ಅಚ್ಚರಿ. ನಾನು ಅದನ್ನು ಓದಿದ್ದೆ. ಓದಿದ್ದು ಬೇರೆ, ನಮ್ಮ ಕುರ್ಚಿಯಲ್ಲಿ ಕೂತವರಲ್ಲಿ ಅದನ್ನು ಗುರುತು ಹಿಡಿಯುವುದು ಬೇರೆ. ಆರ್ಥೊಡಾಂಟಿಸ್ಟ್ ಕ್ಲಿಪ್ ತೆಗೆದು ಕಳಿಸಿರುತ್ತಾರೆ. ಊರಿನ ಹಲ್ಲಿನ ಡಾಕ್ಟರ್ ತಂತಿಯ ಗಾರೆ ತೆಗೆಯುತ್ತಾರೆ. ನನ್ನಂಥವರು ವಸಡು ನೋಡುತ್ತೇವೆ. ತಂತಿ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಕೇಳುತ್ತಾ ಹೋದಾಗ ಒಂದು ಸಂಕ್ರಾಂತಿಯ ಕತೆ ಬಂತು. ನನ್ನ ಹತ್ತಿರ ಬರುವುದಕ್ಕೆ ನಾಲ್ಕು ವರ್ಷ ಮುಂಚೆ. ಕಬ್ಬು ಸಿಗಿಯುವಾಗ ಎಡಗಡೆ ಕಟಕ್ ಅಂದಿತ್ತು. ಕೋರೆಹಲ್ಲಿನ ಸಿಮೆಂಟ್ ಕಿತ್ತು ತಂತಿಯ ತುದಿ ನಾಲಗೆಗೆ ಚುಚ್ಚುತ್ತಿತ್ತು. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದರು. ಹತ್ತು ನಿಮಿಷದಲ್ಲಿ ತಂತಿಯನ್ನು ಹಲ್ಲಿಗೆ ಒತ್ತಿ, ಸಿಮೆಂಟ್ ಹಾಕಿ, ನೀಲಿ ಲೈಟ್ ಹಿಡಿದು ಕಳಿಸಿದರು. ಹಳೇ ತಂತಿ ಸೊಟ್ಟಗಾಗಿದ್ದರೆ ತೆಗೆದು ಹೊಸದನ್ನು ಬಗ್ಗಿಸಿ ಹಾಕಬೇಕಿತ್ತು. ಆ ಡಾಕ್ಟರನ್ನು ದೂರುವ ಮನಸ್ಸು ನನಗಿಲ್ಲ. ನಾನೂ ಹಿಂದೆ ಹೀಗೆ ಒತ್ತಿ ಅಂಟಿಸಿದ್ದೇನೆ. ಎಷ್ಟು ಜನಕ್ಕೆ ಎಂದು ಕೇಳಬೇಡಿ.

ಶೋಕೇಸಿನಲ್ಲಿದ್ದ ಹಲ್ಲು

ಹಲ್ಲು ನಿಜಕ್ಕೂ ಜರುಗಿದೆ ಎಂದು ಹೇಗೆ ಹೇಳುವುದು? ಕ್ಲಿಪ್ ತೆಗೆದ ದಿನವೇ ಹಾಗಿತ್ತೇನೋ. ಹಳೆ ಎಕ್ಸ್‌ರೇ ಇದೆಯಾ ಎಂದೆ. ಇಲ್ಲ. ಫೋಟೊ? ಇದೆ, ಆದರೆ ಎಲ್ಲದರಲ್ಲೂ ಬಾಯಿ ಮುಚ್ಚಿದೆ, ಕ್ಲಿಪ್ ಹಾಕಿಸಿದವರ ಅಭ್ಯಾಸ. ಆಗ ಅಮ್ಮ ನಿಧಾನವಾಗಿ ಬಾಯಿಬಿಟ್ಟರು. "ಹಲ್ಲಿನ ಅಚ್ಚು ಇದೆ ಡಾಕ್ಟ್ರೇ. ಶೋಕೇಸಲ್ಲಿ ಇಟ್ಟಿದ್ದೀನಿ."

ಮಾರನೇ ದಿನ ಬಂತು. ಹಳೇ ಸೀರೆ ತುಂಡಿನಲ್ಲಿ ಸುತ್ತಿದ್ದ ಬಿಳಿ ಪ್ಲಾಸ್ಟರ್ ಅಚ್ಚು, ಮೇಲಿನದು, ಕೆಳಗಿನದು. ಕ್ಲಿಪ್ ಬಿಚ್ಚಿದ ದಿನ ತೆಗೆದದ್ದು, ತಳದಲ್ಲಿ ಪೆನ್ಸಿಲ್ಲಿನಲ್ಲಿ ತಾರೀಖು. ಚನ್ನಪಟ್ಟಣದ ಬೊಂಬೆಗಳ ಪಕ್ಕದಲ್ಲಿ ಹನ್ನೊಂದು ವರ್ಷ ನಿಂತಿದ್ದರಿಂದ ಹಲ್ಲಿನ ಸಂದಿಯಲ್ಲಿ ಧೂಳಿತ್ತು. ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಇದಕ್ಕಿಂತ ಒಳ್ಳೆ ಸಾಕ್ಷಿಯನ್ನು ಯಾರೂ ತಂದುಕೊಟ್ಟಿಲ್ಲ.

ಹೊಸ ಅಚ್ಚು ತೆಗೆದು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆವು. ಟೀಚರ್ ಸ್ಕೇಲ್ ಇಟ್ಟು ತಾವೇ ನೋಡಿದರು. ಹಳೆಯದರಲ್ಲಿ ಎರಡು ಕೋರೆಹಲ್ಲೂ ಸಮ, ವಸಡಿನ ಅಂಚೂ ಸಮ. ಹೊಸದರಲ್ಲಿ ಎಡಗಡೆಯ ತುದಿ ಒಳಗೆ, ಬೇರಿನ ಉಬ್ಬು ಹೊರಗೆ. ಹಲ್ಲು ಅಂದರೆ ನೆಟ್ಟ ಕಂಬ. ತುದಿಯನ್ನು ಒಳಗೆ ತಿರುಚಿದರೆ ಬುಡ ಹೊರಗೆ ಹೋಗುತ್ತದೆ. ಬುಡದ ಮುಂದೆ ಇರುವ ಮೂಳೆ ಕೆಳದವಡೆಯ ಮುಂಭಾಗದಲ್ಲಿ ಅನೇಕರಿಗೆ ಒಂದು ಮಿಲಿಮೀಟರಿಗಿಂತ ತೆಳು. ಬೇರು ಅದನ್ನು ದಾಟಿದರೆ ವಸಡಿಗೆ ಹಿಂದಿನಿಂದ ಆಸರೆ ಇಲ್ಲ. ಆಸರೆ ತಪ್ಪಿದ ತೆಳು ವಸಡು ಇವತ್ತಲ್ಲ ನಾಳೆ ಜಾರುತ್ತದೆ. ಜೋರಾದ ಬ್ರಶ್ ಅದನ್ನು ಬೇಗ ಮಾಡುತ್ತದೆ. ಟೀಚರ್ ವಿಷಯದಲ್ಲಿ ಬ್ರಶ್ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ, ಆದರೆ ಅದು ಎರಡನೇ ಆರೋಪಿ.

ಮಾಮೂಲಿ ಹಲ್ಲಿನ ಎಕ್ಸ್‌ರೇ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಮುಂದಿನಿಂದ ಹಿಂದಕ್ಕೆ ಎಲ್ಲವನ್ನೂ ಒಂದರ ಮೇಲೊಂದು ಒತ್ತಿ ತೋರಿಸುತ್ತದೆ. ಬೇರಿನ ಮುಂದೆ ಮೂಳೆ ಇದೆಯೋ ಇಲ್ಲವೋ ಗೊತ್ತಾಗದು. ಸಿಬಿಸಿಟಿ ಎನ್ನುವ ಮೂರು ಆಯಾಮದ ಎಕ್ಸ್‌ರೇ ಬೇಕಾಯಿತು, ಆ ಭಾಗಕ್ಕೆ ಮಾತ್ರ. ಅಡ್ಡ ಸೀಳಿನ ಚಿತ್ರದಲ್ಲಿ ಬೇರಿನ ಮೇಲಿನ ಮೂರನೇ ಎರಡು ಪಾಲಿನ ಮುಂದೆ ಮೂಳೆಯ ಗೆರೆಯೇ ಇರಲಿಲ್ಲ. ಅರ್ಧ ಮಿಲಿಮೀಟರಿಗಿಂತ ತೆಳ್ಳಗಿನ ಮೂಳೆ ಇದ್ದರೂ ಈ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು, ಅದನ್ನು ಅವರಿಗೆ ಹೇಳಿದೆ. ಬೇರಿನ ತುದಿ ಮಾತ್ರ ಮೂಳೆಯೊಳಗೇ ಇತ್ತು. ತಣ್ಣನೆಯ ಹತ್ತಿ ಮುಟ್ಟಿಸಿದಾಗ ಹಲ್ಲು ತಡವಾಗಿ, ಆದರೆ ಸರಿಯಾಗಿ ಜುಂ ಎಂದಿತು. ಜೀವ ಇತ್ತು.

ಇಷ್ಟು ಕೇಳಿದ ಅಮ್ಮ ಎಲ್ಲ ತಂದೆತಾಯಿಯರೂ ಕೇಳುವ ಪ್ರಶ್ನೆ ಕೇಳಿದರು. ಹಾಗಾದ್ರೆ ಕ್ಲಿಪ್ ಹಾಕಿಸಿದ್ದೇ ತಪ್ಪಾ? ಇದಕ್ಕೆ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವ ಡಾಕ್ಟರ್ ಸಿಕ್ಕರೆ ಸ್ವಲ್ಪ ಹುಷಾರಾಗಿರಿ. ಹಲ್ಲನ್ನು ಮೂಳೆಯ ಒಳಗೇ ಜರುಗಿಸಿದರೆ, ವಸಡು ಶುದ್ಧವಾಗಿದ್ದರೆ, ಏನೂ ಆಗುವುದಿಲ್ಲ. ಸ್ವೀಡನ್ನಿನ ಯಾನ್ ವೆನ್‌ಸ್ಟ್ರೋಮ್ ಮತ್ತು ಸಂಗಡಿಗರು 1987ರಲ್ಲಿ ಕೋತಿಗಳ ಹಲ್ಲನ್ನು ತುಟಿಯ ಕಡೆಗೆ ಜರುಗಿಸಿ ನೋಡಿದರು. ಗಟ್ಟಿ ವಸಡಿನ ಪಟ್ಟಿ ಎಷ್ಟು ಅಗಲ ಇದೆ ಎನ್ನುವುದಕ್ಕಿಂತ ವಸಡು ಎಷ್ಟು ದಪ್ಪ ಇದೆ, ಅದರಲ್ಲಿ ಉರಿಯೂತ ಇದೆಯಾ ಎಂಬುದು ಮುಖ್ಯ ಎಂದು ಕಂಡುಕೊಂಡರು. ನಮ್ಮಲ್ಲಿ ಕ್ಲಿಪ್ ಹಾಕಿಸುವ ಮಕ್ಕಳಿಗೆ ಹಲ್ಲು ಕ್ಲೀನಾಗಿ ಇಟ್ಟುಕೊಳ್ಳುವುದೇ ಕಷ್ಟ, ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಬ್ರಾಕೆಟ್ ಸುತ್ತ ಕೊಳೆ ಕೂರುತ್ತದೆ. ಜಾಗ ಇಲ್ಲದ ದವಡೆಯಲ್ಲಿ ಹಲ್ಲು ಕೀಳಿಸುವುದು ಬೇಡ ಎಂದು ಎಲ್ಲವನ್ನೂ ಮುಂದಕ್ಕೆ ಹಿಗ್ಗಿಸಿದರೆ ಬೇರುಗಳು ಮೂಳೆಯ ಗೋಡೆಗೆ ಒರಗುತ್ತವೆ. ಇವೆರಡೂ ನಿಜ. ಟೀಚರ್‌ಗೆ ಮಾತ್ರ ಇವೆರಡೂ ಆಗಿರಲಿಲ್ಲ. ಶೋಕೇಸಿನ ಅಚ್ಚು ಅದನ್ನು ಹೇಳುತ್ತಿತ್ತು. ಅವರ ಕ್ಲಿಪ್ ಕೆಲಸ ಚೆನ್ನಾಗಿಯೇ ಮುಗಿದಿತ್ತು.

ಮೊದಲು ಯಾವುದು

ಮನೆಯಲ್ಲಿ ಮದುವೆ ಮಾತು ನಡೆಯುತ್ತಿತ್ತು. ಗಂಡಿನ ಕಡೆಯವರು ಒಪ್ಪಿದ್ದರು, ಐದು ತಿಂಗಳಿಗೆ ಮುಹೂರ್ತ. ಅಮ್ಮನಿಗೆ ಯಾರೋ ಹೇಳಿದ್ದರು, ಅಂಗುಳಿನಿಂದ ಚರ್ಮ ತೆಗೆದು ವಸಡಿಗೆ ಹೊಲಿದರೆ ಒಂದೇ ಸಲಕ್ಕೆ ಸರಿಹೋಗುತ್ತದೆ ಅಂತ. ಸುಳ್ಳಲ್ಲ, ನಾನು ಆ ಆಪರೇಷನ್ ಮಾಡಿಯೇ ಅನ್ನ ತಿನ್ನುವವಳು. "ಅದನ್ನೇ ಮಾಡಿಬಿಡಿ ಡಾಕ್ಟ್ರೇ, ಮದುವೆ ಒಳಗೆ ಮುಗೀಲಿ."

ಬೇಡ ಎಂದೆ. ಬೇರು ಹೊರಗೆ ನಿಂತಿರುವಾಗ ಅದರ ಮೇಲೆ ಹೊಸ ವಸಡು ಹೊಲಿಯುವುದು ಸೋರುವ ಸೂರಿನ ಕೆಳಗೆ ಗೋಡೆಗೆ ಬಣ್ಣ ಬಳಿದ ಹಾಗೆ. ತಂತಿ ಇನ್ನೂ ತಳ್ಳುತ್ತಿದೆ. ಕಸಿ ಹಿಡಿಯಲಿಕ್ಕಿಲ್ಲ, ಹಿಡಿದರೂ ಮತ್ತೆ ಜಾರುತ್ತದೆ. ಅಂಗುಳಿನಿಂದ ಒಂದು ಸಲ ತೆಗೆದ ಜಾಗ ತುಂಬಲು ಕಾಯಬೇಕು, ಅದನ್ನು ಸುಮ್ನೆ ಖರ್ಚು ಮಾಡಬಾರದು. ಮೊದಲು ತಂತಿ ಹೋಗಬೇಕು. ಆಮೇಲೆ ಬೇರು ಮೂಳೆಯ ಒಳಗೆ ಬರಬೇಕು. ವಸಡಿನ ಮಾತು ಕಡೆಗೆ. ಈ ಕ್ರಮ ಬಿಟ್ಟರೆ ಬೇರೆ ದಾರಿ ನನಗೆ ಕಾಣಲಿಲ್ಲ, ಇವತ್ತಿಗೂ ಕಾಣುವುದಿಲ್ಲ.

"ಅಂದ್ರೆ ಮತ್ತೆ ಕ್ಲಿಪ್ಪಾ ಮೇಡಂ?" ಟೀಚರ್ ಮುಖ ನೋಡಲಾಗಲಿಲ್ಲ. ಎರಡನೇ ಸಲದ ಖರ್ಚು, ಸ್ಕೂಲಿನಲ್ಲಿ ಮಕ್ಕಳ ಮುಂದೆ ನಿಲ್ಲುವುದು, ಮದುವೆ. ಕ್ಲಿಪ್ಪಿನ ಬದಲು ಹಲ್ಲಿಗೆ ತೊಡಿಸುವ ಪಾರದರ್ಶಕ ಅಲಾಯ್ನರ್ ಆಗಲ್ವಾ ಎಂದು ಕೇಳಿದರು. ಹಲ್ಲಿನ ತುದಿಯನ್ನು ವಾಲಿಸಲು ಅಲಾಯ್ನರ್ ಒಳ್ಳೆಯದು. ಇಲ್ಲಿ ತುದಿ ಅಲ್ಲ, ಬೇರನ್ನೇ ಮೂಳೆಯೊಳಗೆ ತಿರುಗಿಸಬೇಕು. ಅದಕ್ಕೆ ಹಳೆ ಬಗೆಯ ಬ್ರಾಕೆಟ್ಟೇ ವಾಸಿ ಎಂದು ನಮ್ಮ ಜೊತೆಗಿನ ಆರ್ಥೊಡಾಂಟಿಸ್ಟ್ ಹೇಳಿದರು. ನನಗೂ ಅದೇ ಸರಿ ಅನ್ನಿಸಿತು. ಕೆಳಗಿನ ಸಾಲಿಗೆ ಮಾತ್ರ ಸಾಕು ಎಂದಾಗ ಟೀಚರ್ ಕನ್ನಡಿ ತೆಗೆದು ನಕ್ಕು ನೋಡಿಕೊಂಡರು. ನಕ್ಕಾಗ ಅವರ ಕೆಳಗಿನ ಹಲ್ಲು ತುಟಿಯ ಮರೆಯಲ್ಲೇ ಇರುತ್ತಿತ್ತು. ಒಪ್ಪಿದರು.

ತಂತಿ ತೆಗೆದ ದಿನದ ಒಂದು ವಿಷಯ ಹೇಳಬೇಕು. ಸಿಮೆಂಟಿನ ಆರು ಬೊಟ್ಟುಗಳನ್ನು ಒಂದೊಂದಾಗಿ ಕೊರೆದೆ. ಬಲಗಡೆಯಿಂದ ಶುರುಮಾಡಿ ಎಡ ಕೋರೆಹಲ್ಲಿಗೆ ಬಂದಾಗ ತಂತಿಯ ಬಿಟ್ಟ ತುದಿ ತನ್ನಷ್ಟಕ್ಕೆ ಮೇಲೆದ್ದಿತು. ಹೊರತೆಗೆದು ಗಾಜಿನ ಹಲಗೆಯ ಮೇಲೆ ಇಟ್ಟೆ. ಚಪ್ಪಟೆಯಾಗಿ ಮಲಗಲಿಲ್ಲ. ಒಂದು ತುದಿ ಗಾಜಿನಿಂದ ಎರಡು ಮಿಲಿಮೀಟರ್ ಮೇಲೆ ನಿಂತಿತ್ತು. ಟೀಚರ್ ಅದನ್ನು ಬೆರಳಲ್ಲಿ ಒತ್ತಿದರು, ಬಿಟ್ಟರು. ಮತ್ತೆ ಎದ್ದಿತು. ಇನ್ನೊಂದು ಸಲ ಒತ್ತಿದರು. "ನಾಲ್ಕು ವರ್ಷ ಹೀಗೇ ತಳ್ತಾ ಇತ್ತಾ?" ಎಂದರು. ಎಕ್ಸ್‌ರೇ, ಅಚ್ಚು ಎಲ್ಲ ತೋರಿಸಿ ನಾನು ಹೇಳಿದ್ದಕ್ಕಿಂತ ಅವರಿಗೆ ಚೆನ್ನಾಗಿ ಅರ್ಥವಾದದ್ದು ಅದು.

ಆರು ವಾರ ಏನೂ ಮಾಡಲಿಲ್ಲ. ತಳ್ಳುವುದು ನಿಂತ ಮೇಲೆ ಹಲ್ಲು ತಾನಾಗಿ ಒಂದಿಷ್ಟು ಹಿಂದಿರುಗುವುದುಂಟು. ತುದಿ ಸ್ವಲ್ಪ ಹೊರಗೆ ಬಂತು, ಸಾಲುವಷ್ಟು ಅಲ್ಲ. ಆಮೇಲೆ ಬ್ರಾಕೆಟ್. ಬ್ರಾಕೆಟ್ಟಿನ ಸೀಳು ಆಯತ. ಅದರಲ್ಲಿ ಗುಂಡು ತಂತಿ ಹಾಕಿದರೆ ಸುಮ್ಮನೆ ಉರುಳುತ್ತದೆ, ಹಲ್ಲಿನ ಸಾಲು ಮಾತ್ರ ಸರಿಮಾಡುತ್ತದೆ. ಆಯತಾಕಾರದ ತಂತಿಯನ್ನು ತುಸು ತಿರುಚಿ ಕೂರಿಸಿದರೆ ಅದು ಬಿಚ್ಚಿಕೊಳ್ಳಲು ನೋಡುತ್ತಾ ಬೇರನ್ನು ತಿರುಗಿಸುತ್ತದೆ. ಎಡ್ವರ್ಡ್ ಆಂಗಲ್ 1920ರ ದಶಕದಲ್ಲಿ ಮಾಡಿದ ಉಪಾಯ ಇದು, ಇವತ್ತಿಗೂ ಇದರ ಮೇಲೇ ಕೆಲಸ ನಡೆಯುತ್ತಿದೆ. ಗಮನಿಸಿ, ಹಲ್ಲನ್ನು ಕೆಡಿಸಿದ್ದೂ ತಿರುಚಿದ ತಂತಿ, ರಿಪೇರಿ ಮಾಡಿದ್ದೂ ತಿರುಚಿದ ತಂತಿ. ಒಂದಕ್ಕೆ ತಿಂಗಳಿಗೊಮ್ಮೆ ನೋಡುವವರಿದ್ದರು, ಇನ್ನೊಂದಕ್ಕೆ ಇರಲಿಲ್ಲ.

ಹನ್ನೊಂದು ತಿಂಗಳು ಹಿಡಿಯಿತು. ಪ್ರತಿ ಎರಡು ತಿಂಗಳಿಗೆ ನಾನು ವಸಡು ಅಳೆದೆ, ತಣ್ಣನೆ ಹತ್ತಿಯಲ್ಲಿ ಹಲ್ಲಿನ ಜೀವ ನೋಡಿದೆ. ನಡುವೆ ಮದುವೆ ಆಯಿತು. ಫೋಟೊಗಳಲ್ಲಿ ಬ್ರಾಕೆಟ್ ಕಾಣಲೇ ಇಲ್ಲ, ಒಂದರಲ್ಲಿ ಬಿಟ್ಟು. ಅದರಲ್ಲಿ ಮದುಮಗಳು ಮದುಮಗನ ಕಿವಿ ಹತ್ತಿರ ಏನೋ ಹೇಳಿ ಬಾಯ್ತುಂಬ ನಗುತ್ತಿದ್ದಾರೆ. ಆ ಫೋಟೊವನ್ನೇ ದೊಡ್ಡದು ಮಾಡಿಸಿ ಹಾಕಿದ್ದಾರಂತೆ.

ಐದನೇ ತಿಂಗಳಿಗೆ ಬೆರಳಿಗೆ ಸಿಗುತ್ತಿದ್ದ ಕೋಲು ಸಣ್ಣದಾಯಿತು. ಎಂಟನೆಯದಕ್ಕೆ ಪಕ್ಕದ ಹಲ್ಲಿನ ಅಲೆಯಷ್ಟೇ ಉಳಿಯಿತು. ಬೇರು ಒಳಗೆ ಸರಿದ ಹಾಗೆ ವಸಡು ಯಾರೂ ಮುಟ್ಟದೆಯೇ ದಪ್ಪವಾಯಿತು, ಅಂಚು ಮೇಲೆ ಬಂತು. 4.5 ಇದ್ದದ್ದು 3 ಮಿಲಿಮೀಟರ್ ಆಯಿತು. ಕಸಿ ಆಗ ಮಾಡಿದ್ದರೆ ನಾಲ್ಕೂವರೆ ಮುಚ್ಚಬೇಕಿತ್ತು, ಈಗ ಮೂರು, ಅದೂ ಗಟ್ಟಿ ನೆಲದ ಮೇಲೆ. ಮೂಳೆ ಬಂದಿದೆಯಾ ಎಂದು ನೋಡಲು ಇನ್ನೊಂದು ಸಿಬಿಸಿಟಿ ತೆಗೆಯುವ ಆಸೆ ನನಗಿತ್ತು. ತೆಗೆಯಲಿಲ್ಲ. ಚಿತ್ರ ಏನೇ ಹೇಳಿದರೂ ಮುಂದಿನ ಚಿಕಿತ್ಸೆ ಬದಲಾಗುತ್ತಿರಲಿಲ್ಲ, ನನ್ನ ಕುತೂಹಲಕ್ಕೆ ಅವರಿಗೆ ಎಕ್ಸ್‌ರೇ ಯಾಕೆ?

ಆಪರೇಷನ್ ಮುಕ್ಕಾಲು ಗಂಟೆ. ಮರಗಟ್ಟಿಸಿ, ಅಂಗುಳಿನ ಎಡಭಾಗದಿಂದ ಒಂದು ಸೆಂಟಿಮೀಟರ್ ಉದ್ದ, ಒಂದೂವರೆ ಮಿಲಿಮೀಟರ್ ದಪ್ಪದ ಪದರ ತೆಗೆದೆ. ಮೇಲಿನ ಚರ್ಮ ಅಲ್ಲ, ಅದರ ಅಡಿಯ ಬಿಳಿ ನಾರಿನ ಭಾಗ. ಕೋರೆಹಲ್ಲಿನ ವಸಡನ್ನು ಸೀಳದೆ, ಅಡಿಯಲ್ಲಿ ಸುರಂಗದ ಹಾಗೆ ಬಿಡಿಸಿ, ಆ ಪದರವನ್ನು ದಾರದಲ್ಲಿ ಎಳೆದು ಒಳಗೆ ಕೂರಿಸಿ, ವಸಡನ್ನು ಮೇಲಕ್ಕೆತ್ತಿ ಹೊಲಿದೆ. ಎರಡು ವಾರ ಆ ಜಾಗಕ್ಕೆ ಬ್ರಶ್ ಇಲ್ಲ, ಕ್ಲೋರ್‌ಹೆಕ್ಸಿಡಿನ್ ನೀರಲ್ಲಿ ಮುಕ್ಕಳಿಸುವುದು, ಊಟಕ್ಕೆ ಗಂಜಿ, ಮೊಸರನ್ನ. ಹೊಲಿದ ಜಾಗ ನೋಯಲಿಲ್ಲ, ತೆಗೆದ ಜಾಗ ನೋಯಿತು ಎಂದರು. ಎಲ್ಲರೂ ಹಾಗೇ ಹೇಳುತ್ತಾರೆ.

ಹಲ್ಲನ್ನು ಮತ್ತೆ ಹಿಡಿದಿಡುವ ಪ್ರಶ್ನೆ ಬಂದಾಗ ಅಂಟಿಸುವ ತಂತಿ ಬೇಡವೇ ಬೇಡ ಎಂದರು. ಅದರ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಲಕ್ಷಾಂತರ ಜನರ ಬಾಯಿಯಲ್ಲಿ ಅದು ತನ್ನ ಪಾಡಿಗೆ ತಾನು ಇದೆ. ನಿಮ್ಮ ಹಲ್ಲಿನ ಹಿಂದೆ ಇದ್ದರೆ ಹೆದರಿ ಕೀಳಿಸಿಕೊಳ್ಳಬೇಡಿ. ಬಿಟ್ಟಾಗ ಎಲ್ಲೆಂದರಲ್ಲಿ ಒತ್ತಿಸಿ ಅಂಟಿಸಿಕೊಳ್ಳಬೇಡಿ, ಅಷ್ಟೇ. ಟೀಚರ್‌ಗೆ ರಾತ್ರಿ ಹಾಕುವ ಪ್ಲಾಸ್ಟಿಕ್ ರಿಟೇನರ್ ಮಾಡಿಸಿದೆವು. ಜೊತೆಗೆ ಒಂದು ಹೋಮ್‌ವರ್ಕ್ ಕೊಟ್ಟೆ. ಆರು ತಿಂಗಳಿಗೊಮ್ಮೆ ಬಾಯಿ ತೆರೆದು ಕೆಳಗಿನ ಹಲ್ಲಿನ ಸಾಲನ್ನು ಮೇಲಿನಿಂದ ಫೋನಿನಲ್ಲಿ ಫೋಟೊ ತೆಗೆಯುವುದು, ಹಳೆಯದರ ಪಕ್ಕ ಇಟ್ಟು ನೋಡುವುದು. ಫೋಟೊ ತೆಗೆಯುವ ಕೆಲಸ ಯಜಮಾನರದು. ಮೊದಲ ಮೂರು ಪ್ರಯತ್ನದಲ್ಲಿ ಮೂಗು ಮಾತ್ರ ಬಂದಿತ್ತು.

ನನ್ನ ಕೇಸ್ ಶೀಟಿನಲ್ಲಿ ಈಗ ಎರಡು ಹೊಸ ಸಾಲು ಸೇರಿವೆ. ಹಲ್ಲಿನ ಹಿಂದೆ ತಂತಿ ಇದೆಯಾ. ಯಾವತ್ತಾದರೂ ಬಿಟ್ಟಿತ್ತಾ.

ಆಪರೇಷನ್ ಆಗಿ ಒಂದು ವರ್ಷಕ್ಕೆ ಬಂದಾಗ ಬೇರು ಕಾಣುತ್ತಿದ್ದದ್ದು ಅರ್ಧ ಮಿಲಿಮೀಟರ್. ಪ್ರೋಬ್ ಇಳಿಸಿದರೆ ಅದರ ಬಣ್ಣ ಹೊರಗೆ ಕಾಣಲಿಲ್ಲ. ಐಸ್‌ಕ್ರೀಮ್ ಎಡಗಡೆ ತಿನ್ನುತ್ತಾರಂತೆ. "ಇನ್ನೊಂದು ಸಲ ಹೊಲಿದ್ರೆ ಅದೂ ಮುಚ್ಚುತ್ತಾ ಮೇಡಂ?" ಎಂದರು. ಬೇಡ, ಇಷ್ಟು ಸಾಕು ಎಂದೆ. "ನೂರಕ್ಕೆ ನೂರು ಬಿಟ್ಟು ಕಡಿಮೆ ತಗೊಂಡ್ರೆ ನಮ್ಮ ಸ್ಕೂಲಲ್ಲಿ ಬೈತೀವಿ" ಎಂದು ನಕ್ಕರು. ಅಮ್ಮ ಹೊಸ ಅಚ್ಚನ್ನೂ ಕೇಳಿ ತೆಗೆದುಕೊಂಡು ಹೋದರು. ಮುಂದಿನ ಫೋಟೊ ಸಂಕ್ರಾಂತಿಗೆ ಬರಬೇಕು. ಕಬ್ಬನ್ನು ಚಾಕುವಿನಲ್ಲಿ ತುಂಡು ಮಾಡಿ ತಿನ್ನಿ ಎಂದು ಹೇಳಿ ಕಳಿಸಿದ್ದೇನೆ.